ತೀರ್ಪು ಹಿಡಿಸದಿದ್ದರೆ ಜಡ್ಜನ್ನು ಇಳಿಸಬಹುದಾ? ಸ್ಯಾಮ್ಯುಯೆಲ್ ಚೇಸ್‌ನ ಹಳೇ ಕೇಸು

2025ರ ಮಾರ್ಚ್‌ನಲ್ಲಿ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದು ಚಿಕ್ಕ ಹೇಳಿಕೆ ಕೊಟ್ಟರು. ತೀರ್ಪು ಒಪ್ಪಿಗೆಯಾಗಲಿಲ್ಲ ಅಂತ ಜಡ್ಜ್ ಮೇಲೆ ವಾಗ್ದಂಡನೆ (ಇಂಪೀಚ್‌ಮೆಂಟ್, ಅಂದರೆ ಹುದ್ದೆಯಿಂದ ಇಳಿಸಲು ಸಂಸತ್ತಿನ ಕೆಳಮನೆ ಆರೋಪ ಹೊರಿಸುವುದು) ತರುವುದು ಸರಿಯಲ್ಲ, ಎರಡು ಶತಮಾನಗಳಿಂದ ಇದೇ ನಡೆದುಬಂದಿದೆ ಎಂದರು. ಸಂವಿಧಾನದಲ್ಲಿ ಹುಡುಕಿದರೆ ಈ ಸಾಲು ಸಿಗುವುದಿಲ್ಲ. ಇದು ಬರೀ ರೂಢಿ. ಶುರುವಾಗಿದ್ದು ಒಬ್ಬ ಜಗಳಗಂಟ ಜಡ್ಜ್‌ನಿಂದ.

ಸ್ಯಾಮ್ಯುಯೆಲ್ ಚೇಸ್ ಹುಟ್ಟಿದ್ದು 1741ರಲ್ಲಿ, ಮೇರಿಲ್ಯಾಂಡ್‌ನಲ್ಲಿ. ಪಾದ್ರಿಯ ಮಗ. ವಕೀಲನಾದ, ಇಪ್ಪತ್ತು ವರ್ಷ ಶಾಸಕನಾಗಿದ್ದ, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ, ವ್ಯಾಪಾರಕ್ಕೆ ಕೈಹಾಕಿ ದಿವಾಳಿಯೂ ಆದ. 1796ರಲ್ಲಿ ಜಾರ್ಜ್ ವಾಷಿಂಗ್ಟನ್ ಅವನನ್ನು ಸುಪ್ರೀಂ ಕೋರ್ಟಿಗೆ ಕಳಿಸಿದ.

ಆಗ ಸುಪ್ರೀಂ ಕೋರ್ಟ್ ಜಡ್ಜ್‌ಗಳು ಊರೂರು ತಿರುಗಿ ವಿಚಾರಣೆಯನ್ನೂ ನಡೆಸಬೇಕಿತ್ತು. ಎಡವಟ್ಟಾಗಿದ್ದೇ ಅಲ್ಲಿ. 1800ರಲ್ಲಿ ಫಿಲಡೆಲ್ಫಿಯಾದಲ್ಲಿ ಜಾನ್ ಫ್ರೈಸ್ ಎಂಬಾತನ ಮೇಲೆ ದೇಶದ್ರೋಹದ ಕೇಸು. ವಕೀಲರು ಬಾಯಿ ತೆರೆಯುವ ಮುಂಚೆಯೇ, ಕಾನೂನು ಏನು ಹೇಳುತ್ತದೆ ಎಂಬ ತನ್ನ ಅಭಿಪ್ರಾಯವನ್ನು ಚೇಸ್ ಬರೆದು ಕೈಗಿಟ್ಟ. ವಕೀಲರು ಕೇಸೇ ಬಿಟ್ಟರು. ಫ್ರೈಸ್‌ಗೆ ಗಲ್ಲು ಶಿಕ್ಷೆಯಾಯಿತು. ಅಧ್ಯಕ್ಷ ಜಾನ್ ಆಡಮ್ಸ್ ಕ್ಷಮಿಸಿದ್ದಕ್ಕೆ ಬದುಕಿದ. ಅದೇ ವರ್ಷ ಆಡಮ್ಸ್‌ನನ್ನು ಬೈದು ಬರೆದ ಕ್ಯಾಲೆಂಡರ್ ಎಂಬ ಪತ್ರಕರ್ತನಿಗೆ ಚೇಸ್ ಒಂಬತ್ತು ತಿಂಗಳು ಜೈಲು ಕೊಟ್ಟ. ಸಾಲದ್ದಕ್ಕೆ, ಆಡಮ್ಸ್ ಪರ ಚುನಾವಣಾ ಪ್ರಚಾರಕ್ಕೂ ಇಳಿದ. ಜಡ್ಜ್ ಆಗಿದ್ದುಕೊಂಡು!

ಆ ಚುನಾವಣೆಯಲ್ಲಿ ಗೆದ್ದಿದ್ದು ಎದುರಾಳಿ ಥಾಮಸ್ ಜೆಫರ್ಸನ್. 1803ರಲ್ಲಿ ಬಾಲ್ಟಿಮೋರ್‌ನ ಗ್ರ್ಯಾಂಡ್ ಜೂರಿ (ಕೇಸು ನಡೆಸಬೇಕೋ ಬೇಡವೋ ಎಂದು ತೀರ್ಮಾನಿಸುವ ನಾಗರಿಕರ ಗುಂಪು) ಎದುರು ಚೇಸ್ ಹೊಸ ಸರ್ಕಾರದ ಧೋರಣೆಯನ್ನು ಚೆನ್ನಾಗಿ ಜಾಡಿಸಿದ. ಎಲ್ಲರಿಗೂ ಮತ ಕೊಟ್ಟರೆ ಗಣರಾಜ್ಯ ಹೋಗಿ ಗುಂಪಿನ ಆಳ್ವಿಕೆ ಬರುತ್ತದೆ ಎಂದ. ಇದನ್ನು ಸುಮ್ನೆ ಬಿಡಬೇಕಾ ಎಂಬ ಧಾಟಿಯ ಪತ್ರವೊಂದು ಜೆಫರ್ಸನ್‌ನಿಂದ ಒಬ್ಬ ಸಂಸದನಿಗೆ ಹೋಯಿತು. ತಾನು ಮಾತ್ರ ಇದರಲ್ಲಿ ತಲೆ ಹಾಕುವುದಿಲ್ಲ ಅಂತಲೂ ಅದರಲ್ಲಿತ್ತು.

1804ರ ಮಾರ್ಚ್ 12ರಂದು ಕೆಳಮನೆ 73–32 ಮತಗಳಿಂದ ವಾಗ್ದಂಡನೆ ವಿಧಿಸಿತು. ವಿಚಾರಣೆ ಮೇಲ್ಮನೆಯಾದ ಸೆನೆಟ್‌ನಲ್ಲಿ. ಪೀಠದಲ್ಲಿ ಕೂತವನು ಉಪಾಧ್ಯಕ್ಷ ಏರನ್ ಬರ್. ಮಾಜಿ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನನ್ನು ದ್ವಂದ್ವಯುದ್ಧದಲ್ಲಿ ಕೊಂದ ಆರೋಪ ಆಗ ಅವನ ತಲೆ ಮೇಲೇ ಇತ್ತು. 34 ಸೆನೆಟರ್‌ಗಳಲ್ಲಿ 25 ಜನ ಜೆಫರ್ಸನ್‌ನ ರಿಪಬ್ಲಿಕನ್ನರು (ಇವತ್ತಿನ ಪಕ್ಷ ಬೇರೆ). ಇಳಿಸಲು ಮೂರನೇ ಎರಡು, ಅಂದರೆ 23 ಮತ ಸಾಕು. ಲೆಕ್ಕ ಸಲೀಸಿತ್ತು ಅಲ್ವಾ?

1805ರ ಮಾರ್ಚ್ 1ರಂದು ಎಂಟು ಆರೋಪಗಳಿಗೂ ಒಂದೊಂದಾಗಿ ಮತ ಹಾಕಿದರು. ಅತಿ ಹೆಚ್ಚು ಬಿದ್ದಿದ್ದು ಬಾಲ್ಟಿಮೋರ್ ಭಾಷಣದ ಆರೋಪಕ್ಕೆ: 19. ಫ್ರೈಸ್ ಕೇಸಿಗಿಂತ ಭಾಷಣವೇ ಅವರನ್ನು ಜಾಸ್ತಿ ಚುಚ್ಚಿತ್ತು. ಆದರೂ ಜೆಫರ್ಸನ್ ಪಕ್ಷದವರೇ ಕೆಲವರು ಕೈಕೊಟ್ಟರು. ಚೇಸ್ ಒಳ್ಳೇ ಜಡ್ಜ್ ಅಂತ ಅನ್ನಿಸಿ ಅಲ್ಲ, ಇವತ್ತು ಇವನು, ನಾಳೆ ಇನ್ಯಾರು ಎಂಬ ಅಳುಕು ಇದ್ದಿರಬೇಕು. ನನಗಂತೂ ಹಾಗೇ ಕಾಣುತ್ತದೆ.

ಚೇಸ್ ವಾಪಸ್ ಕೋರ್ಟಿಗೆ ಹೋಗಿ, 1811ರಲ್ಲಿ ಸಾಯುವವರೆಗೂ ಅದೇ ಕುರ್ಚಿಯಲ್ಲಿದ್ದ. ಆಮೇಲೆ ಸುಪ್ರೀಂ ಕೋರ್ಟಿನ ಯಾರ ಮೇಲೂ ವಾಗ್ದಂಡನೆ ಆಗಿಲ್ಲ. ಕೆಳ ಕೋರ್ಟುಗಳ ಜಡ್ಜ್‌ಗಳು ಕೆಲವರು ಕೆಲಸ ಕಳೆದುಕೊಂಡರು. ಇತ್ತೀಚಿನ ಕೇಸುಗಳೆಲ್ಲ ಲಂಚ, ತೆರಿಗೆ ವಂಚನೆ, ಸುಳ್ಳು ಸಾಕ್ಷಿಯಂಥವು. 1970ರಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್‌ರನ್ನು ಇಳಿಸಲು ಹೊರಟ ಸಂಸದ ಜೆರಾಲ್ಡ್ ಫೋರ್ಡ್, ಕೆಳಮನೆಯ ಬಹುಮತ ಆ ಹೊತ್ತಿಗೆ ಯಾವುದನ್ನು ತಪ್ಪು ಅನ್ನುತ್ತದೋ ಅದೇ ತಪ್ಪು ಎಂದಿದ್ದರು. ಅದು ಮತದವರೆಗೂ ಹೋಗಲೇ ಇಲ್ಲ.