ಚಂಡಮಾರುತ ಒಲ್ಲದ ಗಾಳಿಯೇ ಸುಂಟರಗಾಳಿಗೆ ಬೇಕು

ಚಂಡಮಾರುತ, ಸುಂಟರಗಾಳಿ ಎರಡೂ ಒಂದೇ ಅಲ್ವಾ ಎಂದು ಜನ ನನ್ನನ್ನು ಕೇಳುತ್ತಲೇ ಇರುತ್ತಾರೆ. ಎರಡೂ ಸುತ್ತುವ ಗಾಳಿಯೇ, ನಿಜ. ಆದರೆ ಚಂಡಮಾರುತ ನೂರಾರು ಕಿಲೋಮೀಟರ್ ಅಗಲ ಹರಡಿ ದಿನಗಟ್ಟಲೆ ಸಾಗುತ್ತದೆ. ಸುಂಟರಗಾಳಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಯಾವುದು ಎಲ್ಲಿ ಹುಟ್ಟಬಹುದು ಎಂದು ನೋಡುವಾಗ ನಾನು ನಕ್ಷೆಯಲ್ಲಿ ತಪ್ಪದೆ ಹುಡುಕುವುದು ವಿಂಡ್ ಶಿಯರ್. ಅಂದರೆ ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ಇರುವ ವ್ಯತ್ಯಾಸ.

ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ಸಮುದ್ರ ಬೇಕು. ಮೇಲ್ಪದರ ಮಾತ್ರ ಬೆಚ್ಚಗಿದ್ದರೆ ಸಾಲದು, ಸುಮಾರು 50 ಮೀಟರ್ ಆಳದವರೆಗೂ ಬಿಸಿ ಇರಬೇಕು. ಭೂಮಿಯ ತಿರುಗುವಿಕೆಯ ನೆರವೂ ಬೇಕು. ಸಮಭಾಜಕ ವೃತ್ತದ ಬಳಿ ಅದು ಸಿಗುವುದಿಲ್ಲ. ಹಾಗಾಗಿ ಅಲ್ಲಿಂದ ಐದು ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ತೀರಾ ಅಪರೂಪ. 2001ರ ಡಿಸೆಂಬರ್‌ನಲ್ಲಿ ಸಿಂಗಪುರದ ಹತ್ತಿರ ಎದ್ದ ವಾಮೈ ಅಂಥದ್ದೊಂದು. ಅತಿ ಹೆಚ್ಚು ಚಂಡಮಾರುತ ಏಳುವುದು ವಾಯವ್ಯ ಪೆಸಿಫಿಕ್‌ನಲ್ಲಿ. ಅಲ್ಲಿ ಅದು ಟೈಫೂನ್, ಅಟ್ಲಾಂಟಿಕ್‌ನಲ್ಲಿ ಹರಿಕೇನ್, ನಮ್ಮ ಕಡಲುಗಳಲ್ಲಿ ಸೈಕ್ಲೋನ್. ಹೆಸರು ಮಾತ್ರ ಬೇರೆ.

ಸಮುದ್ರ ಬೆಚ್ಚಗಿದ್ದರೂ ಚಂಡಮಾರುತ ಏಳದೇ ಇರಬಹುದು. ಜುಲೈ, ಆಗಸ್ಟ್‌ನ ಬಂಗಾಳ ಕೊಲ್ಲಿಯನ್ನೇ ನೋಡಿ. ವಾಯುಭಾರ ಕುಸಿತಗಳಿಗೆ ಬರವಿಲ್ಲ, ಆದರೆ ಅವು ದೊಡ್ಡ ಚಂಡಮಾರುತ ಆಗುವುದು ಬಹಳ ಕಡಿಮೆ. ಏಕೆಂದರೆ ಮುಂಗಾರಿನಲ್ಲಿ ಕೆಳಗೆ ನೈಋತ್ಯದಿಂದ ಗಾಳಿ, ಮೇಲೆ ಪೂರ್ವದಿಂದ ಜೋರು ಗಾಳಿ. ಮೇಲೇಳುವ ಮೋಡದ ತಲೆಯನ್ನು ಒಂದು ಗಾಳಿ ತಳ್ಳಿದರೆ, ಬುಡವನ್ನು ಇನ್ನೊಂದು ಎಳೆಯುತ್ತದೆ. ನಡುವೆ ಶಾಖ ಕೂಡಿಕೊಳ್ಳುವುದೇ ಇಲ್ಲ. ಅದಕ್ಕೇ ಇಲ್ಲಿನ ದೊಡ್ಡ ಚಂಡಮಾರುತಗಳು ಮುಂಗಾರಿನ ಆಚೀಚೆಗೆ, ಏಪ್ರಿಲ್-ಮೇನಲ್ಲಿ ಇಲ್ಲವೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರುತ್ತವೆ. ದಕ್ಷಿಣ ಅಟ್ಲಾಂಟಿಕ್‌ನಲ್ಲಂತೂ ವಿಂಡ್ ಶಿಯರ್ ಜಾಸ್ತಿ, ನೀರೂ ಅಷ್ಟು ಬೆಚ್ಚಗಿಲ್ಲ. 2004ರ ಮಾರ್ಚ್‌ನಲ್ಲಿ ಬ್ರೆಜಿಲ್‌ಗೆ ಅಪ್ಪಳಿಸಿದ ಕತರೀನಾ ನಮ್ಮ ಹವಾಮಾನ ವೃತ್ತಿಯವರನ್ನೆಲ್ಲ ಬೆಚ್ಚಿಬೀಳಿಸಿದ್ದು ಇದಕ್ಕೇ.

ಸುಂಟರಗಾಳಿಯ ಲೆಕ್ಕ ತಿರುಗುಮುರುಗು. ಮೇಲಿನ ಗಾಳಿ ಬೇರೆ, ಕೆಳಗಿನದು ಬೇರೆ ಆದಾಗ ನಡುವಿನ ಗಾಳಿ ಚಾಪೆ ಸುತ್ತಿದಂತೆ ಅಡ್ಡಡ್ಡ ಉರುಳುತ್ತದೆ. ಗುಡುಗು ಮೋಡದೊಳಗೆ ರಭಸದಿಂದ ಏರುವ ಬಿಸಿಗಾಳಿ ಆ ಸುರುಳಿಯನ್ನು ಎತ್ತಿ ನಿಲ್ಲಿಸುತ್ತದೆ. ದೊಡ್ಡ ಸುಂಟರಗಾಳಿಗಳು ಹೆಚ್ಚಾಗಿ ಹೀಗೆ ತಿರುಗುವ ಮೋಡದಿಂದಲೇ ಇಳಿಯುತ್ತವೆ. ಅಮೆರಿಕದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸುಂಟರಗಾಳಿ ಏಳುತ್ತವೆ. ಮೆಕ್ಸಿಕೊ ಕೊಲ್ಲಿಯ ತೇವದ ಗಾಳಿ, ರಾಕಿ ಪರ್ವತದ ಕಡೆಯ ಒಣಗಾಳಿ, ಎತ್ತರದಲ್ಲಿ ಅತಿ ವೇಗವಾಗಿ ಬೀಸುವ ಜೆಟ್ ಗಾಳಿ, ಮೂರೂ ದೇಶದ ನಡುವಿನ ಬಯಲಿನ ಮೇಲೆ ಸೇರುತ್ತವೆ. ಅರ್ಜೆಂಟೀನಾದಲ್ಲಿ ಆಂಡಿಸ್ ಪರ್ವತ ರಾಕಿಯ ಜಾಗ ತುಂಬುತ್ತದೆ, ತೇವ ಅಮೆಜಾನ್ ಕಡೆಯಿಂದ ಬರುತ್ತದೆ.

ಬಾಂಗ್ಲಾದೇಶವನ್ನು ಜನ ಮರೆಯುತ್ತಾರೆ. ನನಗೆ ಅದೇ ಸಂಕಟ. 1989ರ ಏಪ್ರಿಲ್ 26ರಂದು ಮಾಣಿಕ್‌ಗಂಜ್ ಜಿಲ್ಲೆಯಲ್ಲಿ ಎದ್ದ ಸುಂಟರಗಾಳಿ ಸುಮಾರು 1,300 ಜನರನ್ನು ಬಲಿ ತೆಗೆದುಕೊಂಡಿತು. ದಾಖಲಾದ ಸುಂಟರಗಾಳಿಗಳಲ್ಲೇ ಅತಿ ಹೆಚ್ಚು ಸಾವು ಅದರದ್ದು.

ಚಂಡಮಾರುತ ದಡ ದಾಟಿದ ಮೇಲೂ ನಾವು ರಾಡಾರ್‌ನಿಂದ ಕಣ್ಣು ತೆಗೆಯುವುದಿಲ್ಲ. ನೆಲ ತಾಗಿದ ಕೂಡಲೇ ಕೆಳಗಿನ ಗಾಳಿ ನಿಧಾನವಾಗುತ್ತದೆ, ಮೇಲಿನದು ಹಾಗೇ ಬೀಸುತ್ತಿರುತ್ತದೆ. ಅಲ್ಲಿಗೆ ಸುಂಟರಗಾಳಿಗೆ ಬೇಕಾದ ವ್ಯತ್ಯಾಸ ಸಿಕ್ಕಿತು. 2004ರ ಸೆಪ್ಟೆಂಬರ್‌ನಲ್ಲಿ ಅಮೆರಿಕಕ್ಕೆ ಬಂದ ಐವನ್ ಹರಿಕೇನ್ ಹೀಗೆ ನೂರಕ್ಕೂ ಹೆಚ್ಚು ಸುಂಟರಗಾಳಿಗಳನ್ನು ಹುಟ್ಟಿಸಿತು. ಕೆಲವು ಅದರ ಕೇಂದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಎದ್ದಿದ್ದವು.