ಟ್ಯಾಂಕರ್ ಹಿಂದಿನ ‘ಇನ್‌ಫ್ಲೇಮಬಲ್’ಗೆ ಬೆಂಕಿ ಹತ್ತುತ್ತದೆಯೇ?

ಪ್ರಶ್ನೆ: ಇಂಗ್ಲಿಷಿನಲ್ಲಿ ಪದದ ಮುಂದೆ ‘ಇನ್’ ಬಂದರೆ ‘ಅಲ್ಲ’ ಎಂದು ತಾನೇ ಅರ್ಥ? ಕಂಪ್ಲೀಟ್–ಇನ್‌ಕಂಪ್ಲೀಟ್, ವಿಸಿಬಲ್–ಇನ್‌ವಿಸಿಬಲ್ ಇರುವ ಹಾಗೆ ಫ್ಲೇಮಬಲ್ ಎಂದರೆ ಹೊತ್ತಿಕೊಳ್ಳುವಂಥದ್ದು, ಇನ್‌ಫ್ಲೇಮಬಲ್ ಎಂದರೆ ಹೊತ್ತಿಕೊಳ್ಳದ್ದು ಎಂದು ನನ್ನ ಗೈಡಿನಲ್ಲಿದೆ. ಹಾಗಿದ್ದರೆ ನಮ್ಮ ಹೊಸಪೇಟೆ ರಸ್ತೆಯಲ್ಲಿ ಓಡಾಡುವ ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುವುದು ತಪ್ಪಲ್ಲವೇ?
– ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ಓದುಗರೊಬ್ಬರು, ಬಳ್ಳಾರಿ

ಉತ್ತರ: ತಪ್ಪಲ್ಲ. ಟ್ಯಾಂಕರ್ ಸರಿಯಾಗಿಯೇ ಇದೆ, ತಪ್ಪಿರುವುದು ನಿಮ್ಮ ಗೈಡು.

ನೇಮಕಾತಿ ಅಧಿಸೂಚನೆ ಹೊರಬಿದ್ದರೆ ಸಾಕು, ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಸಿರುಗುಪ್ಪದಿಂದ ಬರುತ್ತದೆ, ಕಂಪ್ಲಿಯಿಂದ ಬರುತ್ತದೆ, ಹೊಳೆ ದಾಟಿ ಗಂಗಾವತಿಯಿಂದಲೂ ಬರುತ್ತದೆ. ಕರಿಹಲಗೆಯ ಮೇಲೆ ಬರೆದೂ ಬರೆದೂ ಸೀಮೆಸುಣ್ಣ ಸವೆಯಿತೇ ಹೊರತು ಈ ನಂಬಿಕೆ ಸವೆಯಲಿಲ್ಲ. ಎಡಗಡೆ ಪದ, ಬಲಗಡೆ ‘ಇನ್’ ಹಚ್ಚಿದ ವಿರುದ್ಧ ಪದ ಎಂದು ಎರಡು ಸಾಲಿನ ಪಟ್ಟಿ ಮಾಡಿ ಮಕ್ಕಳಿಗೆ ಉರು ಹೊಡೆಸುತ್ತೇವಲ್ಲ, ಈ ರೋಗದ ಮೂಲ ಅಲ್ಲಿದೆ. ಪಟ್ಟಿಯಲ್ಲಿರುವ ಪದಗಳೆಲ್ಲ ಸರಿ. ಆದರೆ ಆ ಪಟ್ಟಿಯಿಂದ ನಾವೇ ಒಂದು ಕಾಯಿದೆ ಮಾಡಿಕೊಂಡು ಕಂಡಕಂಡ ಪದದ ಮೇಲೆಲ್ಲ ಹೇರುವುದು ಸರಿಯಲ್ಲ.

ಸಂಗತಿ ಇಷ್ಟು. ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂದ ‘ಇನ್’ ಒಂದಲ್ಲ, ಎರಡು. ಒಂದೇ ತರಗತಿಯಲ್ಲಿ ಇಬ್ಬರು ಬಸವರಾಜರು ಇರುವುದಿಲ್ಲವೇ, ಹಾಗೆ. ಹಾಜರಿ ಕೂಗಿದಾಗ ಇಬ್ಬರೂ ಎದ್ದು ನಿಲ್ಲುತ್ತಾರೆ ಎಂದು ಇಬ್ಬರಿಗೂ ಒಂದೇ ಅಂಕ ಕೊಡುತ್ತೀರಾ? ಮೊದಲನೆಯ ‘ಇನ್’ ನಿಷೇಧದ್ದು, ಇನ್‌ಕಂಪ್ಲೀಟ್‌ನಲ್ಲಿರುವುದು ಅದು. ಎರಡನೆಯದಕ್ಕೆ ಒಳಗೆ, ಮೇಲೆ, ಕಡೆಗೆ ಎಂಬ ಅರ್ಥ. ಇನ್‌ಕಮ್, ಇನ್‌ಸೈಡ್ ಪದಗಳ ಅಚ್ಚ ಇಂಗ್ಲಿಷ್ ‘ಇನ್’ ಇದರ ದಾಯಾದಿ. ಲ್ಯಾಟಿನ್ನಿನ ‘ಇನ್‌ಫ್ಲಮಾರೆ’ ಎಂಬ ಕ್ರಿಯಾಪದದಲ್ಲಿರುವುದು ಈ ಎರಡನೆಯವನು. ಆ ಕ್ರಿಯಾಪದದ ಅರ್ಥ ಬೆಂಕಿ ಹಚ್ಚು, ಉರಿಸು ಎಂದು. ಅದರಿಂದ ಇನ್‌ಫ್ಲೇಮ್, ಅದರಿಂದ ಇನ್‌ಫ್ಲೇಮಬಲ್. ಎಂದರೆ ಹೊತ್ತಿಸಬಹುದಾದದ್ದು, ಬೇಗ ಹೊತ್ತಿಕೊಳ್ಳುವಂಥದ್ದು.

ಇನ್ನೂ ಅನುಮಾನವೇ? ಮೊಣಕಾಲು ಬಾತು ಆಸ್ಪತ್ರೆಗೆ ಹೋದರೆ ವೈದ್ಯರು ‘ಇನ್‌ಫ್ಲಮೇಶನ್ ಇದೆ’ ಎನ್ನುತ್ತಾರೆ. ಅದನ್ನೇ ಕನ್ನಡದ ಆರೋಗ್ಯ ಪುಸ್ತಕಗಳು ‘ಉರಿಯೂತ’ ಎಂದು ಬರೆಯುತ್ತವೆ. ಉರಿಯೂ ಇದೆ, ಊತವೂ ಇದೆ. ‘ಇನ್ ಎಂದ ಮೇಲೆ ಉರಿ ಇಲ್ಲ ತಾನೇ?’ ಎಂದು ವೈದ್ಯರನ್ನು ಕೇಳಿದವರನ್ನು ನಾನು ಕಂಡಿಲ್ಲ. ಆಸ್ಪತ್ರೆಯಲ್ಲಿ ಹುಟ್ಟದ ಅನುಮಾನ ಟ್ಯಾಂಕರ್ ಹಿಂದೆ ಯಾಕೆ ಹುಟ್ಟುತ್ತದೋ!

ಕಾನೂನಿನ ಸಾಕ್ಷಿಯೂ ಇದೆ. ನಮ್ಮ ದೇಶದಲ್ಲಿ 1952ರ ‘ಇನ್‌ಫ್ಲೇಮಬಲ್ ಸಬ್‌ಸ್ಟೆನ್ಸಸ್ ಆ್ಯಕ್ಟ್’ ಎಂಬ ಕಾಯ್ದೆ ಇದೆ. ಕೆಲವು ವಸ್ತುಗಳನ್ನು ಅಪಾಯಕಾರಿಯಾಗಿ ಹೊತ್ತಿಕೊಳ್ಳುವಂಥವು ಎಂದು ಘೋಷಿಸಿ, ಅವುಗಳ ಆಮದು, ಸಾಗಣೆ, ದಾಸ್ತಾನಿಗೆ 1934ರ ಪೆಟ್ರೋಲಿಯಂ ಕಾಯ್ದೆಯನ್ನು ಅನ್ವಯಿಸುವುದು ಅದರ ಕೆಲಸ. ನಿಮ್ಮ ಗೈಡಿನ ಅರ್ಥವೇ ಸರಿಯಾಗಿದ್ದರೆ, ಬೆಂಕಿಯೇ ಹತ್ತದ ಸಾಮಾನಿಗಾಗಿ ಸಂಸತ್ತು ಕುಳಿತು ಕಾಯ್ದೆ ಮಾಡಿತು ಎಂದಾಯಿತು!

ಫ್ಲೇಮಬಲ್ ಮೊದಲು ಹುಟ್ಟಿ ಅದಕ್ಕೆ ‘ಇನ್’ ಸೇರಿತು ಎಂದು ನೀವು ಭಾವಿಸಿದ್ದೀರಿ. ನಡೆದಿರುವುದು ತಿರುವುಮುರುವು. ಇನ್‌ಫ್ಲೇಮಬಲ್ ಹಿರಿಯ, ಫ್ಲೇಮಬಲ್ 19ನೇ ಶತಮಾನದಲ್ಲಿ ಕಾಣಿಸಿಕೊಂಡ ಕಿರಿಯ. ಆ ಕಿರಿಯನಿಗೆ ಪಟ್ಟ ಕಟ್ಟಿದ್ದು ನಿಮ್ಮಂತೆಯೇ ತಪ್ಪು ಓದುವವರ ಭಯ. ‘ಇನ್’ ನೋಡಿ ಇದು ಉರಿಯುವುದಿಲ್ಲ ಎಂದುಕೊಂಡು ಕೆಲಸಗಾರರು ಬೀಡಿ ಹಚ್ಚಿದರೆ ಗತಿಯೇನು? ಅದಕ್ಕೇ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ 1920ರ ದಶಕದಲ್ಲಿ ‘ಫ್ಲೇಮಬಲ್ ಎಂದೇ ಬರೆಯಿರಿ’ ಎಂದು ಒತ್ತಾಯಿಸಿತು. ಬ್ರಿಟನ್ನಿನ ಮಾನಕ ಸಂಸ್ಥೆ 1959ರಲ್ಲಿ ಅದೇ ದಾರಿ ಹಿಡಿಯಿತು. ಎರಡೂ ಪದಗಳ ಅರ್ಥ ಇವತ್ತಿಗೂ ಒಂದೇ. ಹೊತ್ತಿಕೊಳ್ಳದ್ದಕ್ಕೆ ನಾನ್-ಫ್ಲೇಮಬಲ್ ಎನ್ನಬೇಕು. ಪರೀಕ್ಷೆಯಲ್ಲಿ ವಿರುದ್ಧಾರ್ಥ ಕೇಳಿದರೂ ಅದನ್ನೇ ಬರೆಯಿರಿ.

ಮುಂದಿನ ಸಲ ತೋರಣಗಲ್ಲಿನ ರೈಲ್ವೆ ಗೇಟಿನಲ್ಲೋ ಟೋಲ್ ಸಾಲಿನಲ್ಲೋ ನಿಂತಾಗ ಮುಂದಿನ ಟ್ಯಾಂಕರ್‌ನ ಹಿಂಬದಿಯ ಫಲಕ ನೋಡಿ. ಪೆಟ್ರೋಲ್ ಆಗಿದ್ದರೆ 1203 ಎಂಬ ಸಂಖ್ಯೆ, ಅಡುಗೆ ಅನಿಲವಾಗಿದ್ದರೆ 1075. ಪಕ್ಕದಲ್ಲಿ ಮೂಲೆಯ ಮೇಲೆ ನಿಲ್ಲಿಸಿದ ಕೆಂಪು ಚೌಕ, ಅದರೊಳಗೆ ಬೆಂಕಿಯ ಚಿತ್ರ. ಉಕ್ಕಿನ ಕಾರ್ಖಾನೆಯ ಕಡೆಯ ನೈಟ್ರೋಜನ್, ಆರ್ಗಾನ್ ಟ್ಯಾಂಕರ್‌ಗಳ ಮೇಲೆ ಅದೇ ಚೌಕ ಹಸಿರಾಗಿರುತ್ತದೆ. ನಾನ್-ಫ್ಲೇಮಬಲ್ ಎಂದರೆ ಅದು. ಪೆಟ್ರೋಲಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲವಿರುವ ನಮ್ಮ ಊರಿನಲ್ಲಿ ಅದರ ಪಾಡು ಕೇಳಬೇಕೆ? ವ್ಯಾಕರಣದ ತಪ್ಪುಗಳಲ್ಲಿ ಹೆಚ್ಚಿನವು ಒಂದು ಅಂಕ ಕಳೆಯುತ್ತವೆ, ಅಷ್ಟೆ. ಇದು ಮೈ ಸುಡುವ ತಪ್ಪು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

‘ಇನ್’ ವೇಷ ಬದಲಿಸುವುದೂ ಉಂಟು. ಪ, ಬ, ಮ ಧ್ವನಿಗಳ ಮುಂದೆ ‘ಇಮ್’, ಲಕಾರದ ಮುಂದೆ ‘ಇಲ್’, ರಕಾರದ ಮುಂದೆ ‘ಇರ್’. ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ‘ಕಂತು’ ಎನ್ನುವಾಗ ನಕಾರವಾಗುವ ಸೊನ್ನೆ ‘ಕಂಪು’ ಎನ್ನುವಾಗ ತಾನಾಗಿ ಮಕಾರವಾಗುತ್ತದೆ. ಬಾಯಿಗೆ ಸುಲಭವಾದದ್ದನ್ನು ಬಾಯಿ ಮಾಡುತ್ತದೆ. ಆದರೆ ಇಬ್ಬರು ಬಸವರಾಜರೂ ಇದೇ ವೇಷ ಹಾಕುತ್ತಾರೆ ಎಂಬುದು ನೆನಪಿರಲಿ. ಇಂಪೋರ್ಟ್ ಎಂದರೆ ಒಳಕ್ಕೆ ತರುವುದು, ಇಲ್ಯುಮಿನೇಟ್ ಎಂದರೆ ಬೆಳಕು ಬೀರುವುದು. ಇರಿಗೇಷನ್‌ನಲ್ಲಿರುವ ‘ಇರ್’ ಕೂಡ ಎರಡನೆಯವನೇ, ನೆಲದ ಮೇಲೆ ನೀರು ಹಾಯಿಸುವವನು. ‘ಇರ್’ ಎಂದರೆ ‘ಇಲ್ಲ’ ಎಂದು ಹಟ ಹಿಡಿಯುವವರು ಇರಿಗೇಷನ್ ಎಂದರೆ ನೀರಿಲ್ಲದ್ದು ಎನ್ನಬೇಕಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರು ಆ ಅರ್ಥವೇ ಸರಿ ಎಂದಾರು, ಆ ಮಾತು ಬೇರೆ.

ಇನ್ನು ‘ಇನ್’ ನಿಜವಾಗಿ ನಿಷೇಧದ್ದೇ ಆಗಿದ್ದರೂ ಅರ್ಥ ನೇರವಾಗಿ ತಿರುಗುಮುರುಗಾಗುತ್ತದೆ ಎನ್ನುವ ಹಾಗಿಲ್ಲ. ಇನ್‌ವ್ಯಾಲ್ಯೂಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ವೂ ಹಾಗೆಯೇ. ‘ತಮ್ಮ ಅಮೂಲ್ಯ ಸಲಹೆ’ ಎಂದು ಅರ್ಜಿಯಲ್ಲಿ ಬರೆದರೆ ಯಾವ ಅಧಿಕಾರಿಯೂ ಮುನಿಸಿಕೊಳ್ಳುವುದಿಲ್ಲ. ಇನ್‌ಫೇಮಸ್ ಎಂದರೆ ಹೆಸರಿಲ್ಲದವನಲ್ಲ, ಕೆಟ್ಟ ಹೆಸರು ಪಡೆದವನು. ಸನ್ಮಾನ ಪತ್ರ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ. ‘ಡಿಸ್’ ಮತ್ತು ‘ಅನ್’ ಕೂಡ ಅದಲುಬದಲಾಗುವಂಥವಲ್ಲ. ನ್ಯಾಯಾಧೀಶರು ಡಿಸ್‌ಇಂಟರೆಸ್ಟೆಡ್ ಆಗಿರಬೇಕು, ಅಂದರೆ ಮೊಕದ್ದಮೆಯಲ್ಲಿ ಸ್ವಂತ ಲಾಭವಿಲ್ಲದವರಾಗಿರಬೇಕು. ಅನ್‌ಇಂಟರೆಸ್ಟೆಡ್ ಆದರೆ ವಾದ ನಡೆಯುವಾಗ ಆಕಳಿಸುತ್ತಾರೆ.

ಯಾವ ಪದಕ್ಕೆ ‘ಇನ್’, ಯಾವುದಕ್ಕೆ ‘ಅನ್’ ಎಂದು ಕೇಳಬೇಡಿ. ಏಬಲ್‌ಗೆ ಅನ್‌ಏಬಲ್, ಆದರೆ ಅದರ ನಾಮಪದ ಇನ್‌ಎಬಿಲಿಟಿ. ಜಸ್ಟ್‌ಗೆ ಅನ್‌ಜಸ್ಟ್, ಆದರೆ ಇನ್‌ಜಸ್ಟಿಸ್. ಇದಕ್ಕೆ ಸೂತ್ರವಿಲ್ಲ, ನಿಘಂಟು ಇದೆ. ಅಂದ ಹಾಗೆ ‘ಅನ್’ನಲ್ಲೂ ಇಬ್ಬರಿದ್ದಾರೆ. ಅನ್‌ಹ್ಯಾಪಿಯ ‘ಅನ್’ ನಿಷೇಧ, ಅನ್‌ಲಾಕ್‌ನ ‘ಅನ್’ ಮಾಡಿದ್ದನ್ನು ಬಿಚ್ಚುವುದು. 2020ರ ಜೂನ್‌ನಲ್ಲಿ ಶುರುವಾದ ಸರ್ಕಾರದ ಅನ್‌ಲಾಕ್ ನೆನಪಿರಬೇಕಲ್ಲ. ಹಾಕಿದ ಬೀಗ ತೆಗೆದದ್ದೇ ಹೊರತು ಬೀಗವನ್ನೇ ಹಾಕದಿದ್ದದ್ದಲ್ಲ.

ಇಂಗ್ಲಿಷ್ ಎಷ್ಟು ಹುಚ್ಚು ಭಾಷೆ ಎಂದು ನಗುವ ಮುನ್ನ ಕನ್ನಡದ ಉತ್ತರಪತ್ರಿಕೆಯನ್ನೂ ಒಮ್ಮೆ ನೋಡೋಣ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ‘ಅನುತ್ತೀರ್ಣ’ ಮತ್ತು ‘ಅನುಮತಿ’ ಎರಡೂ ‘ಅನು’ ಎಂದೇ ಶುರುವಾಗುತ್ತವೆ. ಮೊದಲನೆಯದು ಅನ್ ಮತ್ತು ಉತ್ತೀರ್ಣ ಕೂಡಿದ್ದು. ಎರಡನೆಯದರಲ್ಲಿ ‘ಅನು’ ಎಂಬುದೇ ಉಪಸರ್ಗ, ಅಲ್ಲಿ ನಿಷೇಧದ ಸುಳಿವೇ ಇಲ್ಲ. ಅನುಚಿತ ಒಂದು ಕಡೆ, ಅನುಗ್ರಹ ಇನ್ನೊಂದು ಕಡೆ. ಅಲ್ಲಿ ಎಡವದ ನೀವು ಇನ್‌ಫ್ಲೇಮಬಲ್‌ನಲ್ಲಿ ಎಡವುತ್ತೀರಿ.

ಇಂಗ್ಲಿಷಿನ ಇನ್‌ಹ್ಯಾಬಿಟಬಲ್ ಎಂದರೆ ವಾಸಕ್ಕೆ ಯೋಗ್ಯವಾದದ್ದು, ಯೋಗ್ಯವಲ್ಲದ್ದಕ್ಕೆ ಅದರ ಮುಂದೆ ಇನ್ನೊಂದು ‘ಅನ್’ ಸೇರಿಸಿ ಅನ್‌ಇನ್‌ಹ್ಯಾಬಿಟಬಲ್ ಎನ್ನಬೇಕು. ನಮ್ಮ ‘ಅನುಕೂಲ’ದ ಕಥೆಯೂ ಅದೇ. ಅದಕ್ಕೆ ‘ಅನ್’ ಸೇರಿದರೆ ಅನನುಕೂಲ. ಆದರೆ ಸುತ್ತೋಲೆಗಳಿಂದ ಹಿಡಿದು ಮದುವೆ ಮನೆಯ ಫಲಕದವರೆಗೆ ಕಾಣುವುದು ‘ಅನಾನುಕೂಲ’. ಅನಾರೋಗ್ಯದಲ್ಲಿ ದೀರ್ಘವಿದೆ, ಏಕೆಂದರೆ ಆರೋಗ್ಯದಲ್ಲೇ ಆಕಾರವಿದೆ. ಅನುಕೂಲದಲ್ಲಿ ಎಲ್ಲಿದೆ? ಇಂಗ್ಲಿಷ್ ಬಿಟ್ಟು ಸಾಮಾನ್ಯ ಕನ್ನಡ ಪತ್ರಿಕೆ ಆಯ್ದುಕೊಳ್ಳುವ ಯೋಚನೆ ನಿಮಗಿದ್ದರೆ, ಅನನುಕೂಲ ಎಂದೇ ಬರೆಯಿರಿ.