ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ

ಮಾನ್ವಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅತ್ತಿಗೆಗೆ ಮಳೆಗಾಲದ ಕೊನೆಯಲ್ಲಿ ಚಿಕುನ್‌ಗುನ್ಯಾ ಬಂದಿತ್ತು. ಐದು ದಿನಕ್ಕೆ ಜ್ವರ ಇಳಿಯಿತು. ಎರಡು ತಿಂಗಳ ಬಳಿಕ ಹತ್ತಿ ಬಿಡಿಸಲು ಹೋದರು. ಉಡಿ ತುಂಬಿಸಿ, ಚೀಲಕ್ಕೆ ಸುರಿದು, ಉಳಿದವರಷ್ಟೇ ತೂಕ ಮಾಡಿಸಿ ಸಂಜೆ ನಗುತ್ತಲೇ ಮನೆಗೆ ಬಂದರು. ಮರುದಿನವೂ ಪರವಾಗಿರಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯಲು ಕೂತವರು ಎರಡನೆಯ ರೊಟ್ಟಿಗೇ ಗೋಡೆಗೆ ಒರಗಿಬಿಟ್ಟರು. ಹಂಚಿನ ಮೇಲಿದ್ದದ್ದು ಕರಕಲಾಯಿತು. ಮತ್ತೆ ಎದ್ದು ಓಡಾಡಲು ನಾಲ್ಕು ದಿನ ಹಿಡಿಯಿತು.

‘ಜ್ವರ ಹೋಗಿ ಎರಡು ತಿಂಗಳಾಯಿತು, ಇನ್ನೆಂಥ ಸುಸ್ತು?’ ಎಂಬ ಮಾತು ಮನೆಯಲ್ಲೇ ಬಂತು. ಅಂದವರಲ್ಲಿ ನಾನೂ ಒಬ್ಬ. ಅದು ತಪ್ಪು ಎಂದು ತಿಳಿದದ್ದು ಓದಿದ ಮೇಲೆ.

ಆಸ್ಟ್ರೇಲಿಯಾದಲ್ಲಿ ಡಬ್ಬೊ ಎಂಬ ಊರಿದೆ, ಸುತ್ತ ಹೊಲಗಳೇ. ಅಲ್ಲಿಯ ಸಂಶೋಧಕರು ಸೋಂಕು ತಗುಲಿದ 253 ಜನರನ್ನು ಕಾಯಿಲೆಯ ಆರಂಭದಿಂದಲೇ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಎಪ್‌ಸ್ಟೀನ್-ಬಾರ್ ವೈರಸ್, ಕೆಲವರಿಗೆ ಕ್ಯೂ ಜ್ವರದ ಬ್ಯಾಕ್ಟೀರಿಯಾ, ಇನ್ನು ಕೆಲವರಿಗೆ ರಾಸ್ ರಿವರ್ ವೈರಸ್. ಕೊನೆಯದು ಸೊಳ್ಳೆಯಿಂದ ಹರಡುವ, ಚಿಕುನ್‌ಗುನ್ಯಾದ ದಾಯಾದಿ. ರೋಗಾಣು ಯಾವುದೇ ಇರಲಿ, ಆರು ತಿಂಗಳಾದರೂ ಸುಮಾರು ಶೇ 12ರಷ್ಟು ಜನ ಬಳಲುತ್ತಲೇ ಇದ್ದರು. ಯಾರು ಹೀಗೆ ಉಳಿಯುತ್ತಾರೆ ಎಂಬುದನ್ನು ಸೂಚಿಸಿದ್ದು ಆರಂಭದ ಕಾಯಿಲೆಯ ತೀವ್ರತೆ. ವಯಸ್ಸಾಗಲಿ, ಮೊದಲಿನ ಮನಃಸ್ಥಿತಿಯಾಗಲಿ ಅಲ್ಲ. ಮೈಗಳ್ಳತನದ ಆರೋಪಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ.

ಆ 2006ರಲ್ಲೇ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳು ದಾಖಲಾದವು. ನಲ್ಲಿ ನೀರು ದಿನ ಬಿಟ್ಟು ದಿನವೂ ಬಾರದ ನಮ್ಮ ಕಡೆ ಬ್ಯಾರೆಲ್, ತೊಟ್ಟಿಗಳಲ್ಲಿ ನೀರು ತುಂಬಿಡಲೇಬೇಕು. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದೂ ಅಲ್ಲೇ. ಜ್ವರ ಬಂದವರ ಲೆಕ್ಕವಾದರೂ ಸಿಗುತ್ತದೆ, ಆಮೇಲೆ ಹಾಸಿಗೆ ಹಿಡಿದವರನ್ನು ಎಣಿಸುವವರಿಲ್ಲ.

ದುಡಿದ ದಿನ ತಡೆದುಕೊಂಡು, ಒಂದೆರಡು ದಿನ ಬಿಟ್ಟು ಕುಸಿಯುವುದು ಇಂಥ ಬಳಲಿಕೆಯ ಮುಖ್ಯ ಗುರುತುಗಳಲ್ಲೊಂದು. ಕೋವಿಡ್ ನಂತರ ಹೀಗಾದವರಿಗೆ ಆಮ್‌ಸ್ಟರ್‌ಡಾಮ್‌ನಲ್ಲಿ ಸೈಕಲ್ ತುಳಿಸಿ, ಮೊದಲೂ ಆಮೇಲೂ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. 2024ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳ ಕೆಲಸ ಶ್ರಮದ ನಂತರ ಕುಂದಿತ್ತು, ಸ್ನಾಯುವಿಗೆ ಹಾನಿ ಹೆಚ್ಚಾಗಿತ್ತು. ಸುಸ್ತು ಮಾಂಸದೊಳಗೇ ಕಂಡಿತು.

ಹಾಗೆಂದು ಎಲ್ಲ ಸುಸ್ತನ್ನೂ ಇದಕ್ಕೇ ಕಟ್ಟಬಾರದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇವನ್ನು ಮೊದಲು ಪರೀಕ್ಷಿಸಬೇಕು. ಸಲೈನ್ ಬಾಟಲಿ ಏರಿಸಿಕೊಂಡರೆ ಶಕ್ತಿ ಬರುತ್ತದೆಂದು ನಮ್ಮಲ್ಲಿ ಬಲವಾದ ನಂಬಿಕೆ. ಈ ಬಳಲಿಕೆಗೆ ಅದು ಮದ್ದಲ್ಲ, ದುಡ್ಡು ಮಾತ್ರ ಹೋಗುತ್ತದೆ. ದಿನದಿನವೂ ವ್ಯಾಯಾಮ ಏರಿಸುತ್ತಾ ಹೋಗಿ ಎಂಬ ಹಳೆಯ ಸಲಹೆಯನ್ನು, ದೀರ್ಘಕಾಲದ ಬಳಲಿಕೆ ರೋಗದ ಮಟ್ಟಿಗೆ, ಬ್ರಿಟನ್ನಿನ ಮಾರ್ಗಸೂಚಿ 2021ರಲ್ಲಿ ಕೈಬಿಟ್ಟಿತು. ಮೈ ಎಷ್ಟು ತಾಳುತ್ತದೋ ಅಷ್ಟರೊಳಗೆ ಕೆಲಸ, ದಣಿವು ಬರುವ ಮೊದಲೇ ವಿರಾಮ ಎನ್ನುತ್ತದೆ ಈಗಿನ ಸಲಹೆ.

ಅತ್ತಿಗೆ ಈಗ ಎರಡು ಸಾಲು ಬಿಡಿಸಿ ಬೇವಿನ ನೆರಳಿಗೆ ಬರುತ್ತಾರೆ, ದಣಿದಿರಲಿ ಬಿಡಲಿ. ಮಧ್ಯಾಹ್ನಕ್ಕೆ ಮನೆ ಸೇರುತ್ತಾರೆ. ಮೂರನೆಯ ದಿನದ ಕುಸಿತ ಕಡಿಮೆಯಾಗಿದೆ. ಕೂಲಿ ಕಿಲೋ ಲೆಕ್ಕದ್ದು, ಹಾಗಾಗಿ ಅದೂ ಅರ್ಧಕ್ಕೆ ಇಳಿದಿದೆ.